ಜರ್ಸಿ ಮೇಲೆ ರಕ್ತ: ವಿಸಿಲ್ ಊದಿದ ಮೇಲಿನ ಕೆಲಸ

ಒಂದು ಅಂತರಕಾಲೇಜು ಬಾಸ್ಕೆಟ್‌ಬಾಲ್ ಪಂದ್ಯ, ಮೂರನೇ ಕ್ವಾರ್ಟರ್. ರೀಬೌಂಡ್‌ಗೆ ಹಾರಿದ 11ನೇ ನಂಬರ್ ಹುಡುಗನ ಮೂಗಿಗೆ ಎದುರಾಳಿಯ ಮೊಣಕೈ ಬಡಿಯಿತು. ಬಿಳಿ ಜರ್ಸಿಯ ಎದೆ ಮೇಲೆ ಬೊಟ್ಟು ಬೊಟ್ಟಾಗಿ ರಕ್ತ. ಆಟ ನಿಲ್ಲಿಸಿ ಅವನನ್ನು ಹೊರಗೆ ಕಳಿಸಿದೆವು. ಅಲ್ಲಿಯವರೆಗೆ ಎಲ್ಲ ಸರಿ ಇತ್ತು. ಮೂಗಿನ ರಕ್ತ ನಿಂತ ಮೇಲೆ ನೋಡಿದರೆ ಬೇರೆ ಜರ್ಸಿ ಇಲ್ಲ. ಬೆಂಚಲ್ಲಿ ಕೂತಿದ್ದ ಗೆಳೆಯನ 4ನೇ ನಂಬರ್ ಜರ್ಸಿ ತೊಟ್ಟು ಹುಡುಗ ಒಳಗೆ ಬಂದ. ಸ್ಕೋರ್ ಬರೆಯುವ ಟೇಬಲ್‌ಗೆ ಅವನು ಹೇಳಲಿಲ್ಲ, ಕೋಚ್ ಹೇಳಲಿಲ್ಲ. ರೆಫರಿಯಾಗಿದ್ದ ನಾನು ನೋಡಿಯೂ ಹೇಳಲಿಲ್ಲ. ಅದು ನನ್ನದೇ ತಪ್ಪು.

ಆಮೇಲೆ ಅವನು ಎರಡು ಫೌಲ್ ಮಾಡಿದ. ನಾನು ಟೇಬಲ್ ಕಡೆ ತಿರುಗಿ ನಾಲ್ಕು ಬೆರಳು ತೋರಿಸಿದೆ. ಎರಡೂ ಫೌಲ್ ಬನಿಯನ್ ಹಾಕಿಕೊಂಡು ಬೆಂಚಲ್ಲಿ ಕೂತಿದ್ದ ಹುಡುಗನ ಲೆಕ್ಕಕ್ಕೆ ಹೋದವು. ಐದು ಫೌಲ್ ಆದವನು ಪಂದ್ಯದಿಂದ ಹೊರಗೆ. ಪಂದ್ಯ ಮುಗಿಯಲು ಎರಡು ನಿಮಿಷ ಇದೆ ಅನ್ನುವಾಗ ಎದುರು ಕೋಚ್ ಎದ್ದರು. "ಸರ್, ಆ ಹುಡುಗನಿಗೆ ಐದಾಯ್ತು." ಈ ಕಡೆಯ ಕೋಚ್ ಕೂಡ ಎದ್ದರು. "ಶೀಟ್ ನೋಡಿ ಸರ್, 11ಕ್ಕೆ ಮೂರೇ ಇದೆ." ಇಬ್ಬರು ಹೇಳಿದ್ದೂ ಸರಿ!

ರಕ್ತ ನಿಲ್ಲಿಸುವುದು ದೊಡ್ಡ ವಿಷಯ ಅಲ್ಲ. ಜರ್ಸಿ ಬದಲಾದಾಗ ಜೊತೆಗೇ ನಂಬರ್ ಬದಲಾಗುತ್ತದಲ್ಲ, ಗಲಾಟೆ ಶುರುವಾಗುವುದು ಅಲ್ಲಿಂದ. ಹೊಸದಾಗಿ ವಿಸಿಲ್ ಹಿಡಿದವರು, ಟೇಬಲ್‌ನಲ್ಲಿ ಕೂರುವವರು, ಶಾಲೆ ಕಾಲೇಜು ತಂಡದ ಕೋಚ್‌ಗಳು ಇವರಿಗಾಗಿ ಈ ಕೆಲಸವನ್ನು ಮೊದಲಿಂದ ಕೊನೆಯವರೆಗೆ ಬರೆದಿದ್ದೇನೆ.

ಮೊದಲು, ಯಾವ ಪುಸ್ತಕ?

ನಮ್ಮಲ್ಲಿ ಆಡುವುದು ಫೀಬಾ, ಅಂದರೆ ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟದ ನಿಯಮ. ಬಾಸ್ಕೆಟ್‌ಬಾಲ್ ಫೆಡರೇಷನ್ ಆಫ್ ಇಂಡಿಯಾ ಫೀಬಾದ ಸದಸ್ಯ. ರಾಜ್ಯ, ಜಿಲ್ಲಾ ಟೂರ್ನಿಗಳೂ ಅದೇ ದಾರಿ. ರಕ್ತದ ಮಾತು ಬರುವುದು 5ನೇ ವಿಧಿಯಲ್ಲಿ, ಆಟಗಾರರಿಗೆ ಗಾಯವಾದಾಗ ಏನು ಮಾಡಬೇಕು ಅನ್ನುವ ಕಡೆ. ರಕ್ತ ಸುರಿಯುತ್ತಿರುವ ಅಥವಾ ತೆರೆದ ಗಾಯ ಇರುವ ಆಟಗಾರನನ್ನು ಬದಲಿಸಲೇಬೇಕು. ರಕ್ತ ನಿಂತು, ಗಾಯವನ್ನು ಪೂರ್ತಿಯಾಗಿ, ಕಳಚಿ ಬೀಳದ ಹಾಗೆ ಮುಚ್ಚಿದ ಮೇಲೆಯೇ ಅವನು ಮತ್ತೆ ಬರಬಹುದು.

ಜರ್ಸಿಯ ಬಗ್ಗೆ ಬಿಡಿಸಿ ಬಿಡಿಸಿ ಹೇಳುವುದು ಅಮೆರಿಕದ ಹೈಸ್ಕೂಲ್ ಪುಸ್ತಕ. ಅಲ್ಲಿನ ರಾಜ್ಯಗಳ ಹೈಸ್ಕೂಲ್ ಸಂಘಗಳ ರಾಷ್ಟ್ರೀಯ ಒಕ್ಕೂಟ, ಅಂದರೆ ಎನ್‌ಎಫ್‌ಎಚ್‌ಎಸ್, ಅದನ್ನು ಹೊರತರುತ್ತದೆ. ಅದರ 3ನೇ ನಿಯಮದ ಪ್ರಕಾರ ಜರ್ಸಿ ಮೇಲೆ ಎಷ್ಟೇ ರಕ್ತ ಇರಲಿ, ಒಂದು ಚುಕ್ಕಿ ಆದರೂ ಸರಿ, ಆಟಗಾರ ಹೊರಗೆ ಹೋಗಬೇಕು. ರಕ್ತ ಅವನದೇ ಆಗಬೇಕು ಅಂತಿಲ್ಲ. ಎದುರಾಳಿಯ ಮೂಗಿನಿಂದ ಹಾರಿದ್ದಾದರೂ ಸರಿ. ಡಲ್ಲಾಸ್‌ನಲ್ಲೋ ನ್ಯೂಜೆರ್ಸಿಯಲ್ಲೋ ಇರುವ ನಿಮ್ಮ ಅಣ್ಣನ ಮಗ ಶಾಲಾ ತಂಡದಲ್ಲಿ ಆಡುತ್ತಿದ್ದರೆ ಅವನಿಗೆ ಅನ್ವಯಿಸುವುದು ಬಹುತೇಕ ಇದೇ. ಅಲ್ಲಿ ಗ್ಯಾಲರಿಯಲ್ಲಿ ಕೂತು "ಒಂದು ಚುಕ್ಕಿಗೆ ಯಾಕಪ್ಪಾ ಹೊರಗೆ ಕಳಿಸಿದ್ರು" ಅಂತ ಕೇಳುವ ಅಪ್ಪ ಅಮ್ಮಂದಿರಿಗೆ ಉತ್ತರ ಇಷ್ಟೇ.

ಇಲ್ಲಿ ಪಂದ್ಯ ನಡೆಸುವವರಿಗೆ ನನ್ನ ಸಲಹೆ: ಗಾಯದ ವಿಷಯಕ್ಕೆ ಫೀಬಾದ ಮಾತು, ಬಟ್ಟೆಯ ವಿಷಯಕ್ಕೆ ಹೈಸ್ಕೂಲ್ ಪುಸ್ತಕದ ಕಟ್ಟುನಿಟ್ಟು. ನಿಯಮದಲ್ಲಿ ನೇರವಾಗಿ ಹೇಳದ ಸಂಗತಿ ಬಂದರೆ ತೀರ್ಮಾನ ಮಾಡುವ ಅಧಿಕಾರವನ್ನು ಫೀಬಾ ಕ್ರೂ ಚೀಫ್‌ಗೆ, ಅಂದರೆ ಮುಖ್ಯ ರೆಫರಿಗೆ, ಕೊಟ್ಟಿದೆ. ಆದ್ದರಿಂದ "ಪುಸ್ತಕದಲ್ಲಿ ಎಲ್ಲಿದೆ ತೋರಿಸಿ" ಅಂತ ಕೋಚ್ ಕೇಳಿದರೆ ಹೆದರಬೇಕಿಲ್ಲ.

ಇಷ್ಟೊಂದು ಯಾಕೆ ಅಂದರೆ

1991ರ ನವೆಂಬರ್ 7ರಂದು ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ತಾರೆ ಮ್ಯಾಜಿಕ್ ಜಾನ್ಸನ್ ತನಗೆ ಎಚ್‌ಐವಿ ಇದೆ ಎಂದು ಹೇಳಿ ನಿವೃತ್ತರಾದರು. ಮುಂದಿನ ವರ್ಷ ಮತ್ತೆ ಆಡಲು ಬಂದರು. 1992ರ ಅಕ್ಟೋಬರ್ ಕೊನೆಯಲ್ಲಿ, ಸೀಸನ್‌ಗೆ ಮುಂಚಿನ ಒಂದು ಪಂದ್ಯದಲ್ಲಿ ಅವರ ಕೈಗೆ ತರಚು ಗಾಯವಾಯಿತು. ಉಗುರು ತಾಗಿದಷ್ಟೇ. ತಂಡದ ಟ್ರೇನರ್ ಗ್ಲೌಸ್ ಇಲ್ಲದೆ ಅದಕ್ಕೆ ಬ್ಯಾಂಡೇಜ್ ಹಾಕಿದರು. ಇಡೀ ಕ್ರೀಡಾಂಗಣ ಆ ಕೈಯನ್ನೇ ನೋಡುತ್ತಿತ್ತು. ಕೆಲವೇ ದಿನಗಳಲ್ಲಿ ಅವರು ಮತ್ತೆ ನಿವೃತ್ತಿ ಹೇಳಿದರು.

ಆಟದಲ್ಲಿ ಎಚ್‌ಐವಿ ಹರಡುವ ಸಾಧ್ಯತೆ ತೀರಾ ಕಡಿಮೆ. ಭಯ ಇರಬೇಕಾದದ್ದು ಹೆಪಟೈಟಿಸ್ ಬಿ ಬಗ್ಗೆ. ಆ ವೈರಸ್ ದೇಹದ ಹೊರಗೆ, ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಬದುಕಿರಬಲ್ಲದು. 1980ರ ದಶಕದ ಶುರುವಿನಲ್ಲೇ ಜಪಾನಿನ ಹೈಸ್ಕೂಲ್ ಹುಡುಗರ ಒಂದು ಸುಮೊ ಕುಸ್ತಿ ತಂಡದಲ್ಲಿ ಅದು ಹರಡಿದ್ದು ದಾಖಲಾಗಿದೆ. ಹಾಗಾಗಿ "ಒಣಗಿಹೋಗಿದೆ ಬಿಡಿ ಸರ್" ಅನ್ನುವ ಮಾತು ನಡೆಯುವುದಿಲ್ಲ.

ಪಂದ್ಯ ಶುರುವಾಗುವ ಮುಂಚೆ ಎರಡು ಕೆಲಸ

ಒಂದು, ಉಗುರು ನೋಡಿ. ಉಗುರನ್ನು ಒತ್ತಿ ಕತ್ತರಿಸಿರಬೇಕು ಅಂತ ಫೀಬಾ ನಿಯಮದಲ್ಲೇ ಇದೆ. ನಾನು ನೋಡಿದ ರಕ್ತದಲ್ಲಿ ಅರ್ಧಕ್ಕರ್ಧ ಉಗುರಿನದು. ಬೆರಳು ಮುಂದೆ ಮಾಡಿ ಅಂದರೆ ಹುಡುಗರು ನಗುತ್ತಾರೆ, ಪ್ರೈಮರಿ ಸ್ಕೂಲ್ ನೆನಪಾಗುತ್ತದೆ ಅಂತ. ನಗಲಿ. ಬ್ಯಾಗಲ್ಲಿ ಒಂದು ನೇಲ್ ಕಟರ್ ಇಟ್ಟುಕೊಳ್ಳಿ.

ಎರಡು, ಇಬ್ಬರು ಕೋಚ್‌ಗಳನ್ನೂ ಒಂದೇ ಪ್ರಶ್ನೆ ಕೇಳಿ: "ಸ್ಪೇರ್ ಜರ್ಸಿ ಇದೆಯಾ? ಯಾವ ನಂಬರ್?" ತಂಡದ ಪಟ್ಟಿಯಲ್ಲಿ ಯಾರಿಗೂ ಕೊಡದ ನಂಬರ್ ಇರುವ ಒಂದು ಜರ್ಸಿ ಮತ್ತು ಒಂದು ಶಾರ್ಟ್ಸ್, ದೊಡ್ಡ ಸೈಜಿನದು. ಇಷ್ಟು ಇದ್ದರೆ ಈ ಲೇಖನದ ಅರ್ಧ ಓದುವುದೇ ಬೇಡ. ಎನ್‌ಬಿಎ ತಂಡಗಳೂ ಹೀಗೆ ಹೆಸರಿಲ್ಲದ ಜರ್ಸಿ ಇಟ್ಟುಕೊಂಡಿರುತ್ತವೆ. 1990ರ ಫೆಬ್ರವರಿ 14ರಂದು ಒರ್ಲಾಂಡೊದಲ್ಲಿ ಮೈಕಲ್ ಜೋರ್ಡನ್ ಅವರ 23ನೇ ನಂಬರ್ ಜರ್ಸಿ ಕಳುವಾದಾಗ ಅವರು ತೊಟ್ಟದ್ದು ಅಂಥ ಒಂದು 12ನೇ ನಂಬರ್ ಜರ್ಸಿ. ಬೆನ್ನ ಮೇಲೆ ಹೆಸರಿಲ್ಲ. ಅದರಲ್ಲೇ 49 ಪಾಯಿಂಟ್ ಹೊಡೆದರು. ಅದು ಕಳ್ಳತನದ ಕಥೆ, ರಕ್ತದ್ದಲ್ಲ. ಆದರೆ ಬ್ಯಾಗಲ್ಲಿ ಸ್ಪೇರ್ ಇದ್ದದ್ದಕ್ಕೆ ಪಂದ್ಯ ನಡೆಯಿತು.

ಸ್ಪೇರ್ ಇಲ್ಲ ಅಂತ ಕೋಚ್ ಹೇಳಿದರೆ? ನಮ್ಮಲ್ಲಿ ಅದೇ ಜಾಸ್ತಿ. ಫೀಬಾ ಪ್ರಕಾರ ತಂಡದ ಬಳಿ ಕನಿಷ್ಠ ಎರಡು ಸೆಟ್ ಜರ್ಸಿ ಇರಬೇಕು, ತಿಳಿ ಬಣ್ಣದ್ದೊಂದು, ಗಾಢ ಬಣ್ಣದ್ದೊಂದು. ಆದರೆ ಆ ಇನ್ನೊಂದು ಸೆಟ್ ಬೇರೆ ಬಣ್ಣ, ಈ ಕೆಲಸಕ್ಕೆ ಬರುವುದಿಲ್ಲ. ಅದೇ ಬಣ್ಣದ ನಂಬರಿಲ್ಲದ ಟೀ ಶರ್ಟೋ ಪ್ರಾಕ್ಟೀಸ್ ಜರ್ಸಿಯೋ ಇದೆಯಾ ಕೇಳಿ. ಅದಕ್ಕೆ ಟೇಪಿನಿಂದ ನಂಬರ್ ಅಂಟಿಸಬಹುದು. ಅದರ ಮಾತು ಮುಂದೆ ಬರುತ್ತದೆ.

ವಿಸಿಲ್ ಯಾವಾಗ?

ರಕ್ತ ಕಂಡ ತಕ್ಷಣ ಊದಬೇಡಿ. ಹೊಸಬರು ಗಾಬರಿಯಲ್ಲಿ ಮಾಡುವ ತಪ್ಪು ಇದು. ಬಿಳಿ ತಂಡದ ಹುಡುಗ ಮೂಗು ಹಿಡಿದು ನಿಂತಿದ್ದಾನೆ, ನೀಲಿ ತಂಡ ಚೆಂಡು ಕಸಿದು ಆ ಕಡೆ ಬುಟ್ಟಿಗೆ ಓಡುತ್ತಿದೆ. ಈಗ ಊದಿದರೆ ನೀಲಿಯವರ ಎರಡು ಪಾಯಿಂಟ್ ನೀವು ಕಿತ್ತುಕೊಂಡ ಹಾಗೆ. ಚೆಂಡು ಹಿಡಿದ ತಂಡ ಶಾಟ್ ಹೊಡೆಯುವವರೆಗೆ, ಚೆಂಡು ಕಳೆದುಕೊಳ್ಳುವವರೆಗೆ, ಆಡದೆ ಸುಮ್ನೆ ಹಿಡಿದುಕೊಳ್ಳುವವರೆಗೆ ಅಥವಾ ಚೆಂಡು ಡೆಡ್ ಆಗುವವರೆಗೆ, ಅಂದರೆ ಆಟ ತಾನಾಗಿ ನಿಲ್ಲುವವರೆಗೆ, ಕಾಯಿರಿ ಅನ್ನುತ್ತದೆ ಫೀಬಾ.

ಆದರೆ ಗಾಯಗೊಂಡವನನ್ನು ಕಾಪಾಡುವ ಅಗತ್ಯ ಇದ್ದರೆ ಆ ಕ್ಷಣವೇ ನಿಲ್ಲಿಸಬಹುದು. ಹುಡುಗ ನೆಲಕ್ಕೆ ಬಿದ್ದಿದ್ದಾನೆ, ಸುತ್ತ ಹತ್ತು ಕಾಲು ಓಡಾಡುತ್ತಿವೆ ಅಂದರೆ ಪಾಯಿಂಟ್ ಲೆಕ್ಕ ಹಾಕಬೇಡಿ. ಡಾಕ್ಟರ್‌ಗೆ ಇದು ತುರ್ತು ಅನ್ನಿಸಿದರೆ ಅವರು ನಿಮ್ಮ ಅನುಮತಿ ಕಾಯದೆ ಅಂಕಣಕ್ಕೆ ಬರಬಹುದು. ಬೆಂಚಿನ ಬೇರೆಯವರು ಬರಲು ನಿಮ್ಮನ್ನು ಕೇಳಬೇಕು.

ಎನ್‌ಬಿಎಯಲ್ಲಿ ಇದು ಬೇರೆ ತರಹ. ರಕ್ತ ಕಂಡರೆ ಸರಿಯಾದ ಹೊತ್ತು ನೋಡಿ ಆಟ ನಿಲ್ಲಿಸಿ ಹೆಚ್ಚೆಂದರೆ 30 ಸೆಕೆಂಡ್ ಚಿಕಿತ್ಸೆಗೆ ಕೊಡುತ್ತಾರೆ. ಆಗಲಿಲ್ಲ ಅಂದರೆ ಆಟಗಾರನನ್ನು ಬದಲಿಸಬೇಕು, ಇಲ್ಲವೇ ಟೈಮ್‌ಔಟ್ ತೆಗೆದುಕೊಳ್ಳಬೇಕು. 2007ರ ಮೇ 6ರಂದು ಫೀನಿಕ್ಸ್ ಸನ್ಸ್ ತಂಡದ ಸ್ಟೀವ್ ನ್ಯಾಶ್‌ಗೆ ಸ್ಯಾನ್ ಆಂಟೊನಿಯೊದ ಟೋನಿ ಪಾರ್ಕರ್ ಡಿಕ್ಕಿ ಹೊಡೆದು ಮೂಗು ಸೀಳಿತು. ಪ್ಲೇಆಫ್ ಪಂದ್ಯ, ಕೊನೆಯ ನಿಮಿಷಗಳು. ಪಟ್ಟಿ ಹಾಕುತ್ತಾರೆ, ಒಳಗೆ ಬರುತ್ತಾರೆ, ಮತ್ತೆ ರಕ್ತ, ಮತ್ತೆ ಹೊರಗೆ. ತಂಡದ ಮುಖ್ಯ ಆಟಗಾರ ಬೆಂಚಲ್ಲಿ ಇರುವಾಗಲೇ ಪಂದ್ಯ ಕೈತಪ್ಪಿತು, 111-106. ರೆಫರಿಗಳಿಗೆ ಬೇರೆ ದಾರಿಯೇ ಇರಲಿಲ್ಲ.

ಹೊರಗೆ ಕಳಿಸುವಾಗ

ಆಟ ನಿಂತ ಮೇಲೆ ಹುಡುಗನಿಗೆ ಮೆಲ್ಲಗೆ ಹೇಳಿ, "ಹೋಗಿ ನೋಡ್ಕೊಂಡು ಬಾ." ಶಿಕ್ಷೆ ಕೊಟ್ಟ ಹಾಗೆ ಬಾಗಿಲ ಕಡೆ ಬೆರಳು ತೋರಿಸಬೇಡಿ. ಟೇಬಲ್‌ಗೆ ಸಬ್‌ಸ್ಟಿಟ್ಯೂಷನ್ ಸನ್ನೆ ಮಾಡಿ. ನೀವು ಅವನ ಮೂಗನ್ನಾಗಲಿ ಜರ್ಸಿಯನ್ನಾಗಲಿ ಮುಟ್ಟಬೇಡಿ. ಅದು ಗ್ಲೌಸ್ ಹಾಕಿದವರ ಕೆಲಸ.

ಕೋಚ್‌ಗೆ ಇಲ್ಲಿ ಒಂದು ಅವಕಾಶ ಇದೆ. ಟೈಮ್‌ಔಟ್ ಕರೆದು, ಆ ಒಂದು ನಿಮಿಷದಲ್ಲಿ ರಕ್ತ ನಿಂತು ಗಾಯ ಮುಚ್ಚಿಬಿಟ್ಟರೆ ಆಟಗಾರ ಅಲ್ಲೇ ಮುಂದುವರಿಯಬಹುದು. ಫೀಬಾದಲ್ಲಿ ಎದುರು ತಂಡದ ಟೈಮ್‌ಔಟ್ ಆದರೂ ನಡೆಯುತ್ತದೆ. ಆದರೆ ಬದಲಿ ಆಟಗಾರನಿಗಾಗಿ ಟೈಮರ್ ಬಜರ್ ಒತ್ತಿಬಿಟ್ಟಿದ್ದರೆ ಆಯ್ತು, ಗಾಯಗೊಂಡವನು ಕೂರಲೇಬೇಕು. ಅಮೆರಿಕದ ಹೈಸ್ಕೂಲ್‌ನಲ್ಲಿ ತನ್ನ ತಂಡವೇ ಟೈಮ್‌ಔಟ್ ಕೇಳಬೇಕು, ಅದು ಮುಗಿಯುವುದರೊಳಗೆ ಜರ್ಸಿಯೂ ಸರಿಯಾಗಿರಬೇಕು.

ಕೋಚ್‌ಗಳಿಗೊಂದು ಮಾತು. ಮೂಗಿನ ರಕ್ತಕ್ಕೆ ಟೈಮ್‌ಔಟ್ ಹಾಳು ಮಾಡಬೇಡಿ. ಮುಂದಕ್ಕೆ ಬಗ್ಗಿ ಕೂತು ಮೂಗಿನ ಮೆತ್ತನೆಯ ಭಾಗವನ್ನು ಹತ್ತು ನಿಮಿಷವಾದರೂ ಬಿಡದೆ ಒತ್ತಿ ಹಿಡಿಯಬೇಕು. ತಲೆ ಹಿಂದಕ್ಕೆ ವಾಲಿಸುವುದು ನಮ್ಮ ಹಳೇ ಅಭ್ಯಾಸ, ಅದರಿಂದ ರಕ್ತ ಗಂಟಲಿಗೆ ಇಳಿಯುತ್ತದೆ ಅಷ್ಟೇ. ಒಂದು ನಿಮಿಷದ ಟೈಮ್‌ಔಟ್‌ನಲ್ಲಿ ಇದು ಆಗುವ ಮಾತಲ್ಲ. ಮೊಣಕಾಲು ತರಚಿದ್ದರೆ, ಬೆರಳಿನ ತುದಿ ಕೊಯ್ದಿದ್ದರೆ ಆಗುತ್ತದೆ.

ಇನ್ನೊಂದು, ಒಮ್ಮೆ ಬದಲಿಯಾಗಿ ಹೊರಗೆ ಹೋದವನು ತಕ್ಷಣ ವಾಪಸ್ ಬರುವಂತಿಲ್ಲ. ಗಡಿಯಾರ ಓಡಿ, ಮತ್ತೆ ಚೆಂಡು ಡೆಡ್ ಆಗಬೇಕು. "ಸರ್, ಹತ್ತು ಸೆಕೆಂಡಲ್ಲಿ ಜರ್ಸಿ ಹಾಕ್ಕೊಂಡ" ಅಂದರೂ ಅಷ್ಟೇ.

ಒರೆಸಿದರೆ ಸಾಕಾ, ಬದಲಿಸಬೇಕಾ?

ಜರ್ಸಿ ಬದಲಿಸುವುದು ಒಂದೇ ದಾರಿ ಅಲ್ಲ. ಹೈಸ್ಕೂಲ್ ಪುಸ್ತಕದಲ್ಲೂ ಶುಚಿ ಮಾಡಿಕೊಂಡು ಬರಬಹುದು ಅಂತಲೇ ಇದೆ. ಒಂದೆರಡು ಹನಿ ಅಂದರೆ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಔಷಧಿ ಅಂಗಡಿಯಲ್ಲಿ ಸಿಗುವ 3%ದು. ಹತ್ತಿಯಲ್ಲಿ ಅದ್ದಿ ಕಲೆ ಮೇಲೆ ಒತ್ತಿದರೆ ಬುಸ್ ಅಂತ ಬಿಳಿ ನೊರೆ ಏಳುತ್ತದೆ. ಒರೆಸಿ, ಮತ್ತೊಮ್ಮೆ ಒತ್ತಿ. ನೊರೆ ಬರುವುದು ನಿಲ್ಲುವವರೆಗೆ ಹೀಗೇ ಮಾಡಿ, ಆಮೇಲೆ ತಣ್ಣೀರಲ್ಲಿ ಒರೆಸಿ. ಬಿಸಿನೀರು ಬೇಡವೇ ಬೇಡ. ಬಿಸಿ ತಾಗಿದರೆ ರಕ್ತದ ಕಲೆ ಬಟ್ಟೆಗೆ ಕಚ್ಚಿಕೊಳ್ಳುತ್ತದೆ. ಇದು ನಮ್ಮ ಮನೆಗಳಲ್ಲಿ ಎಲ್ಲ ಹೆಂಗಸರಿಗೂ ಗೊತ್ತಿರುವ ವಿಷಯ, ತಂಡದ ಮ್ಯಾನೇಜರ್‌ಗೆ ಮಾತ್ರ ಗೊತ್ತಿರುವುದಿಲ್ಲ. ಪೆರಾಕ್ಸೈಡ್ ಬಟ್ಟೆಗೆ, ಗಾಯಕ್ಕಲ್ಲ. ಬಣ್ಣದ ಜರ್ಸಿ ಆದರೆ ಮೊದಲು ಒಳಗಿನ ಅಂಚಿಗೆ ಹಚ್ಚಿ ನೋಡಿ.

ಒರೆಸಿಕೊಂಡು ಬಂದವನನ್ನು ನೋಡುವಾಗ ನನ್ನ ಅಳತೆ ಇದು: ಬಿಳಿ ಟಿಶ್ಯೂ ಒತ್ತಿದರೆ ಕೆಂಪು ಹತ್ತಬಾರದು, ಉಗುರಿನಿಂದ ಕೆರೆದರೆ ಪುಡಿ ಉದುರಬಾರದು. ಒತ್ತುವುದು, ಕೆರೆಯುವುದು ಅವನೇ ಮಾಡಲಿ, ನಾನು ನೋಡುತ್ತೇನೆ. ತೊಳೆದ ಮೇಲೂ ಉಳಿಯುವ ಕಂದು ನೆರಳಿಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಬಟ್ಟೆ ರಕ್ತ ಕುಡಿದು ಒದ್ದೆಯಾಗಿದ್ದರೆ ಮಾತ್ರ ಚರ್ಚೆ ಇಲ್ಲ, ಬದಲಿಸಬೇಕು.

ಜರ್ಸಿಯನ್ನೇ ನೋಡುತ್ತಾ ಶಾರ್ಟ್ಸ್ ಮರೆಯಬೇಡಿ. ನಮ್ಮ ಊರುಗಳಲ್ಲಿ ಬಹಳ ಅಂಕಣಗಳು ಸಿಮೆಂಟಿನವು. ಬಿದ್ದರೆ ಮೊಣಕಾಲಿನ ಸಿಪ್ಪೆ ಹೋಗುತ್ತದೆ, ಹುಡುಗ ಕೈಯಿಂದ ಒರೆಸಿ ಶಾರ್ಟ್ಸ್‌ಗೆ ಉಜ್ಜುತ್ತಾನೆ. ಕಪ್ಪು ಶಾರ್ಟ್ಸ್‌ನಲ್ಲಿ ಕಾಣುವುದೇ ಇಲ್ಲ. ಸಾಕ್ಸ್, ರಿಸ್ಟ್‌ಬ್ಯಾಂಡ್, ಹೆಡ್‌ಬ್ಯಾಂಡ್ ಕೂಡ ನೋಡಿ. ಅವಕ್ಕೆ ರಕ್ತ ಆಗಿದ್ದರೆ ಬಿಚ್ಚಿ ಇಟ್ಟರಾಯ್ತು. ಗಾಯದ ಮೇಲೆ ರಿಸ್ಟ್‌ಬ್ಯಾಂಡ್ ಎಳೆದುಕೊಂಡು "ಮುಚ್ಚಿದೀನಿ ಸರ್" ಅನ್ನುವವರು ಇದ್ದಾರೆ. ರಿಸ್ಟ್‌ಬ್ಯಾಂಡ್ ಬ್ಯಾಂಡೇಜ್ ಅಲ್ಲ ಅಂತ ಎನ್‌ಬಿಎ ಪುಸ್ತಕದಲ್ಲೇ ಬರೆದಿದೆ.

ಎಲ್ಲಿ ಬದಲಿಸಬೇಕು

ಡ್ರೆಸ್ಸಿಂಗ್ ರೂಮಿನಲ್ಲಿ. ಅದಿಲ್ಲದಿದ್ದರೆ ಯಾವುದಾದರೂ ಕ್ಲಾಸ್‌ರೂಮಿನಲ್ಲಿ, ಜೊತೆಗೆ ತಂಡದವರೊಬ್ಬರು ಹೋಗಲಿ. ಅಮೆರಿಕದ ಹೈಸ್ಕೂಲ್‌ನಲ್ಲಂತೂ ಅಂಕಣದಲ್ಲಿ ಕಾಣುವ ಹಾಗೆ ಜರ್ಸಿ ಬಿಚ್ಚಿದರೆ ಟೆಕ್ನಿಕಲ್ ಫೌಲ್. ರಕ್ತ ಆಗಿತ್ತು ಅನ್ನುವ ಕಾರಣವನ್ನೂ ಒಪ್ಪುವುದಿಲ್ಲ. ಎದುರು ತಂಡಕ್ಕೆ ಎರಡು ಫ್ರೀ ಥ್ರೋ, ಮೇಲೆ ಚೆಂಡು. ಇಲ್ಲಿಂದ ಹೋಗಿ ಅಲ್ಲಿ ಆಡುವ ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಿ. ನಮ್ಮಲ್ಲಿ ಬೆಂಚ್ ಹಿಂದೆ ನಿಂತು ಜರ್ಸಿ ಬಿಚ್ಚುವುದು ಯಾರಿಗೂ ವಿಚಿತ್ರ ಅನ್ನಿಸುವುದಿಲ್ಲ, ಅದೇ ಅಭ್ಯಾಸದಲ್ಲಿ ಅಲ್ಲೂ ಬಿಚ್ಚಿಬಿಡುತ್ತಾರೆ.

ನಂಬರ್, ನಂಬರ್, ನಂಬರ್

ಈಗ ನಿಜವಾದ ವಿಷಯ.

ಬೇರೆ ನಂಬರ್ ತೊಟ್ಟರೆ ಫೌಲ್ ಕೊಡಬೇಕಾ? ಬೇಡ. ಪಟ್ಟಿಯಲ್ಲಿ ಕೊಟ್ಟ ನಂಬರ್‌ಗೂ ಜರ್ಸಿ ಮೇಲಿನ ನಂಬರ್‌ಗೂ ತಾಳೆ ಆಗದೇ ಹೋದರೆ, ಅದು ಪಂದ್ಯ ಶುರುವಾದ ಮೇಲೆ ಗೊತ್ತಾದರೂ, ಯಾವ ತಂಡಕ್ಕೂ ನಷ್ಟವಾಗದ ಹೊತ್ತಲ್ಲಿ ಆಟ ನಿಲ್ಲಿಸಿ ನಂಬರ್ ತಿದ್ದಿ, ಶಿಕ್ಷೆ ಏನೂ ಇಲ್ಲ ಅನ್ನುತ್ತದೆ ಫೀಬಾದ ಅಧಿಕೃತ ವಿವರಣೆ. ಹೊಸ ಹೆಸರು ಸೇರಿಸುವಂತಿಲ್ಲ, ನಂಬರ್ ತಿದ್ದಬಹುದು. ರಕ್ತಕ್ಕಾಗಿ ಜರ್ಸಿ ಬದಲಿಸಿದವನು ಅದಕ್ಕಿಂತ ದೊಡ್ಡ ತಪ್ಪೇನೂ ಮಾಡಿಲ್ಲ.

ಯಾವ ನಂಬರ್ ಆಗಬಹುದು? ಫೀಬಾದಲ್ಲಿ 0, 00 ಮತ್ತು 1ರಿಂದ 99. ಒಂದೇ ತಂಡದ ಇಬ್ಬರಿಗೆ ಒಂದೇ ನಂಬರ್ ಇರಬಾರದು. ಬೆಂಚಲ್ಲಿ ಕೂತವನ ನಂಬರ್ ಕೂಡ ಬೇಡ, ಯಾಕೆ ಅಂತ ಮೇಲೇ ನೋಡಿದಿರಲ್ಲ. ಅಮೆರಿಕದ ಹೈಸ್ಕೂಲ್‌ನಲ್ಲಿ 5ಕ್ಕಿಂತ ದೊಡ್ಡ ಅಂಕಿಯೇ ಇರಬಾರದು. 15 ಇರಬಹುದು, 16 ಇಲ್ಲ. 55ರ ಮೇಲೆ ಏನೂ ಇಲ್ಲ. ರೆಫರಿ ಒಂದು ಕೈಯಲ್ಲಿ ಒಂದು ಅಂಕಿ ತೋರಿಸಲು ಆಗಬೇಕು, ಅದಕ್ಕೆ. ನಮ್ಮಲ್ಲಿ ಸ್ಪೇರ್ ಜರ್ಸಿ 78 ಆಗಿದ್ದರೆ ಮೊದಲು ಕೈಯ ಹಿಂಭಾಗ ಟೇಬಲ್ ಕಡೆ ಮಾಡಿ 7, ಆಮೇಲೆ ಅಂಗೈ ಮಾಡಿ 8. ಬಾಯಲ್ಲೂ ಹೇಳಿ. ಸಾಧ್ಯವಾದರೆ ಕೋಚ್ ಚಿಕ್ಕ ನಂಬರಿನ ಸ್ಪೇರ್ ತರಲಿ, ಎಲ್ಲರ ಬೆರಳಿಗೂ ಸುಖ.

ಟೇಪಿನಿಂದ ನಂಬರ್ ಮಾಡುವುದಾದರೆ ಗಾಢ ಬಣ್ಣದ ಬಟ್ಟೆಗೆ ಬಿಳಿ ಪ್ಲಾಸ್ಟರ್, ಬಿಳಿ ಬಟ್ಟೆಗೆ ಎಲೆಕ್ಟ್ರಿಷಿಯನ್ ಬಳಸುವ ಕಪ್ಪು ಟೇಪ್. ನಂಬರ್ ಎಷ್ಟು ದೊಡ್ಡದಿರಬೇಕು, ಗೆರೆ ಎಷ್ಟು ಅಗಲ ಇರಬೇಕು ಅನ್ನುವುದಕ್ಕೆ ಫೀಬಾದಲ್ಲಿ ಅಳತೆ ಇದೆ. ಸ್ಕೇಲ್ ಹಿಡಿದು ಅಳೆಯುವುದು ಬೇಡ, ಒಂದು ಗೇಣಿನಷ್ಟು ಬೆನ್ನಿಗೆ, ಅದರರ್ಧ ಎದೆಗೆ. ಟೇಪಿನಲ್ಲಿ 1 ಮತ್ತು 7 ಮಾಡುವುದು ಸುಲಭ, 8 ಮಾಡಲು ಹೋಗಿ ಸಮಯ ಕಳೆಯಬೇಡಿ. ಬೆವರಿಗೆ ಟೇಪ್ ಏಳುತ್ತದೆ, ಕ್ವಾರ್ಟರ್ ಮಧ್ಯದ ಬಿಡುವಿನಲ್ಲಿ ಒತ್ತಿ ನೋಡಿ. ಸೇಫ್ಟಿ ಪಿನ್‌ನಿಂದ ಕಾಗದ ಚುಚ್ಚಿಕೊಂಡು ಬಂದರೆ ಮಾತ್ರ ಒಳಗೆ ಬಿಡಬೇಡಿ. ಒಂದು ರಕ್ತ ಸಾಲದು ಅಂತ ಇನ್ನೊಂದು ಯಾಕೆ?

ಈಗ ಸ್ಕೋರ್‌ಶೀಟ್. ಆಟಗಾರ ವಾಪಸ್ ಬರುವಾಗ ನೇರ ಟೇಬಲ್‌ಗೆ ಬರಬೇಕು. ನೀವೂ ಟೇಬಲ್‌ಗೆ ಹೋಗಿ. ಸ್ಕೋರರ್‌ಗೆ ಹೀಗೆ ಹೇಳಿ: "ಬಿಳಿ 11 ಇನ್ನು ಮುಂದೆ ಬಿಳಿ 21. ರಕ್ತ ಆಗಿದ್ದಕ್ಕೆ ಜರ್ಸಿ ಬದಲು." ಸ್ಕೋರರ್ ಆಟಗಾರರ ಪಟ್ಟಿಯಲ್ಲಿ 11ರ ಸಾಲಿನಲ್ಲೇ ಪಕ್ಕಕ್ಕೆ 21 ಅಂತ ಬರೆಯಲಿ. ಹೊಸ ಸಾಲು ತೆರೆಯಬಾರದು. ಇದು ನಾನು ಮತ್ತೆ ಮತ್ತೆ ಹೇಳುವ ಮಾತು. ಹೊಸ ಸಾಲು ತೆರೆದರೆ ಹಳೆಯ ಮೂರು ಫೌಲ್ ಒಂದು ಕಡೆ, ಹೊಸವು ಇನ್ನೊಂದು ಕಡೆ ಆಗುತ್ತವೆ. ಫೌಲ್ ಮನುಷ್ಯನಿಗೆ ಬೀಳುತ್ತದೆ, ಬಟ್ಟೆಗಲ್ಲ.

ರನ್ನಿಂಗ್ ಸ್ಕೋರ್‌ನಲ್ಲಿ ಪ್ರತಿ ಬುಟ್ಟಿಯ ಪಕ್ಕ ನಂಬರ್ ಬರೆಯುತ್ತೇವಲ್ಲ, ಅಲ್ಲಿ ಬದಲಾವಣೆಗೆ ಮುಂಚಿನವು 11 ಆಗಿಯೇ ಇರಲಿ, ಆಮೇಲಿನವು 21. ಹಳೆಯದನ್ನು ತಿದ್ದಲು ಹೋದರೆ ಶೀಟ್ ಗಿಜಿಗಿಜಿ ಆಗುತ್ತದೆ. ಶೀಟಿನ ಹಿಂದೆ ಒಂದು ಸಾಲು: ಯಾವ ಕ್ವಾರ್ಟರ್, ಗಡಿಯಾರದಲ್ಲಿ ಎಷ್ಟು ಉಳಿದಿತ್ತು, ಯಾವ ನಂಬರ್‌ನಿಂದ ಯಾವ ನಂಬರ್‌ಗೆ. ಕೊನೆಯಲ್ಲಿ ಪಾಯಿಂಟ್ ಕೂಡಿಸುವಾಗ ಎರಡೂ ನಂಬರ್ ಸೇರಿಸಬೇಕು, ಅದನ್ನು ನೆನಪಿಸುವುದೂ ಆ ಸಾಲೇ.

ಮುಗಿದಿಲ್ಲ. ಎದುರು ತಂಡದ ಕೋಚ್‌ಗೆ ಹೇಳಿ. ಅವರು ತಮ್ಮ ಹುಡುಗರಿಗೆ "11ನ್ನು ಬಿಡಬೇಡಿ" ಅಂತ ಹೇಳಿಕೊಟ್ಟಿರುತ್ತಾರೆ. ಜೊತೆ ರೆಫರಿಗೆ ಹೇಳಿ. ಎಲೆಕ್ಟ್ರಾನಿಕ್ ಬೋರ್ಡ್ ಇದ್ದರೆ ಅದನ್ನು ನಡೆಸುವವರಿಗೆ ಹೇಳಿ, ಮೈಕ್ ಹಿಡಿದವರಿಗೂ ಹೇಳಿ. ಇಷ್ಟೆಲ್ಲ ಸೇರಿ ಅರ್ಧ ನಿಮಿಷದ ಕೆಲಸ.

ಒಳಗೆ ಬಿಡುವ ಮುಂಚೆ ಒಂದು ಸಲ ನೋಟ

ರಕ್ತ ನಿಂತಿದೆಯಾ, ಬ್ಯಾಂಡೇಜ್ ಅಂಚು ಏಳುತ್ತಿದೆಯಾ, ಜರ್ಸಿ ಶಾರ್ಟ್ಸ್ ಒಳಗೆ ಇದೆಯಾ, ಕೈ ತೊಳೆದಿದ್ದಾನಾ. ಕೊನೆಯದನ್ನು ಎಲ್ಲರೂ ಮರೆಯುತ್ತಾರೆ. ಮೂಗು ಹಿಡಿದ ಕೈಯಲ್ಲೇ ಚೆಂಡು ಹಿಡಿಯಲು ಬರುತ್ತಾರೆ. ತಂಡದವರ ಪಟ್ಟಿ, ಸ್ಲೀವ್‌ಗಳೆಲ್ಲ ಒಂದೇ ಬಣ್ಣ ಇರಬೇಕು ಅನ್ನುವ ನಿಯಮ ಇದೆ, ನಿಜ. ಆದರೆ ಈಗಷ್ಟೇ ಗಾಯಕ್ಕೆ ಸುತ್ತಿದ ಬಿಳಿ ಗಾಜ್ ಬಟ್ಟೆಯ ಬಣ್ಣ ಹಿಡಿದು ಜಗಳ ತೆಗೆಯುವ ರೆಫರಿ ನಾನಲ್ಲ.

ಅವನು ಇಲ್ಲದಿರುವಾಗ ಅವನ ಫ್ರೀ ಥ್ರೋ ಇದ್ದರೆ ಬದಲಿಗೆ ಬಂದವನೇ ಹೊಡೆಯಬೇಕು. ಫ್ರೀ ಥ್ರೋಗಳ ಮಧ್ಯೆ ಗಾಯಕ್ಕಾಗಿ ಒಬ್ಬನನ್ನು ಬದಲಿಸಿದರೆ ಎದುರು ತಂಡವೂ ಬೇಕಿದ್ದರೆ ಅಷ್ಟೇ ಜನರನ್ನು ಬದಲಿಸಬಹುದು. ತಂಡದಲ್ಲಿ ಇರುವುದೇ ಐದು ಜನ ಅಂದರೆ? ಹಳ್ಳಿ ಶಾಲೆ ತಂಡಗಳಲ್ಲಿ ಇದು ಇದ್ದದ್ದೇ. ರಕ್ತ ಸುರಿಯುವವನು ಹೊರಗೆ, ಉಳಿದ ನಾಲ್ವರು ಆಡಬೇಕು. ಇಬ್ಬರಿಗಿಂತ ಕಡಿಮೆ ಆದರೆ ಮಾತ್ರ ಪಂದ್ಯ ಹೋಗುತ್ತದೆ. ಕನಿಕರಕ್ಕೆ ಐದನೆಯವನನ್ನು ಒಳಗೆ ಬಿಟ್ಟು ನೀವು ಸಿಕ್ಕಿಹಾಕಿಕೊಳ್ಳಬೇಡಿ.

ನೆಲ ಮತ್ತು ಚೆಂಡು ಎರಡು ಮಾತಲ್ಲಿ: ರಕ್ತ ತಾಗಿದ ಚೆಂಡನ್ನು ಪಕ್ಕಕ್ಕಿಟ್ಟು ಬೇರೆ ಚೆಂಡಲ್ಲಿ ಆಡಿಸಿ. ನೆಲವನ್ನು ಗ್ಲೌಸ್ ಹಾಕಿದವರು ಟಿಶ್ಯೂನಿಂದ ಒತ್ತಿ ತೆಗೆದು, ಆಮೇಲೆ ಒಂದು ಭಾಗ ಬ್ಲೀಚ್‌ಗೆ ಹತ್ತು ಭಾಗ ನೀರು ಬೆರೆಸಿ ಒರೆಸಲಿ. ಮರದ ನೆಲಕ್ಕೆ ಬ್ಲೀಚ್ ಒಗ್ಗುವುದಿಲ್ಲ, ಅಂಕಣದವರನ್ನು ಕೇಳಿ. ರಕ್ತದ ಜರ್ಸಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಗಂಟು ಕಟ್ಟಲಿ, ಬೇರೆಯವರ ಬಟ್ಟೆ ಜೊತೆ ಬ್ಯಾಗಿಗೆ ತುರುಕುವುದು ಬೇಡ.

ಇನ್ನು ಆ ಅಂತರಕಾಲೇಜು ಪಂದ್ಯಕ್ಕೆ ಬರೋಣ. ಶೀಟಿನ ಬರಹದ ತಪ್ಪುಗಳನ್ನು ಕ್ರೂ ಚೀಫ್ ಸಹಿ ಹಾಕುವ ಮುಂಚೆ ಯಾವಾಗ ಬೇಕಾದರೂ ತಿದ್ದಬಹುದು. ನಾವಿಬ್ಬರು ರೆಫರಿಗಳು, ಸ್ಕೋರರ್ ಮೂವರೂ ತಲೆ ಸೇರಿಸಿ ಕೂತೆವು. 4ನೇ ನಂಬರ್ ಎದುರು ಇದ್ದ ಎರಡು ಫೌಲ್, ಆರು ಪಾಯಿಂಟ್ ಎಲ್ಲ 11ರ ಸಾಲಿಗೆ ಬಂದವು. ಹುಡುಗನಿಗೆ ಐದಾಯ್ತು. "ಸರ್, ನಾನು ಹೇಳ್ಬೇಕಿತ್ತಾ ಟೇಬಲ್‌ಗೆ?" ಅಂತ ಕೇಳಿದ. "ನಾನು ಹೇಳ್ಬೇಕಿತ್ತು" ಅಂದೆ. ಬದಲಿ ಆಟಗಾರ ಬರಲು 30 ಸೆಕೆಂಡ್ ಇತ್ತು. ಕೋಚ್ ಕರೆದದ್ದು ಅದೇ ಬನಿಯನ್ ಹುಡುಗನನ್ನು. ಅವನು ಗೆಳೆಯನ ಮೈಯಿಂದ ಬಿಚ್ಚಿದ, ಬೆವರಿಗೆ ತೊಯ್ದು ತೊಪ್ಪೆಯಾಗಿದ್ದ ತನ್ನದೇ ಜರ್ಸಿಯನ್ನು ಮೂಗು ಮುರಿಯುತ್ತಾ ತೊಟ್ಟುಕೊಂಡು ಒಳಗೆ ಓಡಿದ. ಸ್ಕೋರರ್ ತಲೆ ಎತ್ತಿ ನನ್ನನ್ನು ಕೇಳಿದರು, "ಸರ್, ಇವನು ಈಗ 4 ತಾನೇ?"